ಕಡತದ ಬಲ, ಕಾನೂನಿನ ಮೌನ: ಜೆ. ಎಡ್ಗರ್ ಹೂವರ್ ಅವರ ಸುದೀರ್ಘ ಅಧಿಕಾರಾವಧಿಯ ಮರುಪರಿಶೀಲನೆ

ಅಮೆರಿಕದ ಫೆಡರಲ್ ಬ್ಯೂರೊ ಆಫ್ ಇನ್ವೆಸ್ಟಿಗೇಶನ್ (ಎಫ್‌ಬಿಐ) ಸಂಸ್ಥೆಯ ಮುಖ್ಯಸ್ಥನಾಗಿ ಜೆ. ಎಡ್ಗರ್ ಹೂವರ್ 1924ರ ಮೇ 10ರಂದು ಅಧಿಕಾರ ವಹಿಸಿಕೊಂಡರು. 1972ರ ಮೇ 2ರಂದು ಸಾಯುವವರೆಗೂ ಅದೇ ಕುರ್ಚಿಯಲ್ಲಿದ್ದರು. ಈ ಅವಧಿಯಲ್ಲಿ ಅಮೆರಿಕ ಎಂಟು ಅಧ್ಯಕ್ಷರನ್ನು ಕಂಡಿತು. ಹೂವರ್ ಅವರ ಮೇಲಧಿಕಾರಿಗಳಾಗಿದ್ದ ಅಟಾರ್ನಿ ಜನರಲ್‌ಗಳಂತೂ 16 ಮಂದಿ. ದೊಡ್ಡವರ ಗುಟ್ಟುಗಳೆಲ್ಲ ಅವರ ಕೈಯಲ್ಲಿದ್ದವು, ಅದಕ್ಕೇ ಯಾರೂ ಅವರನ್ನು ಕದಲಿಸಲಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅದು ಸುಳ್ಳಲ್ಲ, ಆದರೆ ಸಾಲದು. ಆ ಗುಟ್ಟುಗಳು ಒಟ್ಟುಗೂಡುವ ಮುಂಚೆಯೇ ಅವರ ಸ್ಥಾನ ಗಟ್ಟಿಯಾಗಿತ್ತು. ಅದಕ್ಕೆ ಎರಡು ಕಾರಣಗಳನ್ನು ಈ ಲೇಖನ ಮುಂದಿಡುತ್ತದೆ: ಒಂದು, ದಫ್ತರವನ್ನು ಕಟ್ಟಿ ಆಳುವ ಅವರ ಅಸಾಧಾರಣ ಶಿಸ್ತು; ಇನ್ನೊಂದು, ಆ ಹುದ್ದೆಯ ಅವಧಿಯ ಬಗ್ಗೆ ಕಾನೂನು ವಹಿಸಿದ್ದ ಮೌನ.

ವಾಷಿಂಗ್ಟನ್ನಿನಲ್ಲೇ 1895ರಲ್ಲಿ ಹುಟ್ಟಿದ ಹೂವರ್, ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತ ಹಗಲು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೆಳದರ್ಜೆಯ ನೌಕರನಾಗಿ ದುಡಿದವರು. ಲಕ್ಷಾಂತರ ಪುಸ್ತಕಗಳ ನಡುವೆ ಬೇಕಾದ ಒಂದನ್ನು ಕ್ಷಣದಲ್ಲಿ ಹುಡುಕಿಕೊಡುವ ಸೂಚಿ ಕಾರ್ಡುಗಳ ವ್ಯವಸ್ಥೆಯನ್ನು ಅವರು ಕಲಿತದ್ದು ಅಲ್ಲಿ. 1917ರಲ್ಲಿ ನ್ಯಾಯ ಇಲಾಖೆ ಸೇರಿ, ಎರಡೇ ವರ್ಷಗಳಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ತೀವ್ರಗಾಮಿಗಳ ಮೇಲೆ ಕಣ್ಣಿಡುವ ವಿಭಾಗದ ಮುಖ್ಯಸ್ಥರಾದಾಗ ಅದೇ ವಿಧಾನವನ್ನು ಮನುಷ್ಯರಿಗೆ ಅನ್ವಯಿಸಿದರು. ವ್ಯಕ್ತಿ, ಸಂಘಟನೆ, ಪತ್ರಿಕೆ, ಊರು ಹೀಗೆ ಲಕ್ಷಗಟ್ಟಲೆ ಕಾರ್ಡುಗಳು ಸಿದ್ಧವಾದವು. 1919ರ ಕೊನೆಯಲ್ಲಿ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಸೇರಿದಂತೆ 249 ಜನರನ್ನು ‘ಬ್ಯೂಫರ್ಡ್’ ಹಡಗಿಗೆ ಹತ್ತಿಸಿ ಗಡೀಪಾರು ಮಾಡಿದ್ದರ ಹಿಂದೆ, 1920ರ ಜನವರಿಯಲ್ಲಿ ತೀವ್ರಗಾಮಿಗಳ ಮೇಲೆ ನಡೆದ ಕುಖ್ಯಾತ ‘ಪಾಮರ್ ದಾಳಿ’ಗಳ ಹಿಂದೆ ಈ ಕಾರ್ಡುಗಳಿದ್ದವು.

ಚರಿತ್ರೆಯ ವ್ಯಂಗ್ಯವೆಂದರೆ, ಇದೇ ಹೂವರ್‌ರನ್ನು 1924ರಲ್ಲಿ ಸುಧಾರಕನೆಂದು ನೇಮಿಸಲಾಯಿತು. ಹಗರಣಗಳಿಂದ ಹೆಸರು ಕೆಡಿಸಿಕೊಂಡಿದ್ದ ಬ್ಯೂರೊವನ್ನು ರಾಜಕೀಯದಿಂದ ದೂರವಿಡಬೇಕು, ಅರ್ಹತೆ ನೋಡಿಯೇ ನೇಮಕ ಮಾಡಬೇಕು, ಕಾನೂನಿನ ಉಲ್ಲಂಘನೆಯನ್ನಷ್ಟೇ ತನಿಖೆ ಮಾಡಬೇಕು ಎಂಬುದು ಅಟಾರ್ನಿ ಜನರಲ್ ಹಾರ್ಲನ್ ಸ್ಟೋನ್ ಅವರ ಅಪೇಕ್ಷೆಯಾಗಿತ್ತು. ಮೊದಲ ಹತ್ತು ವರ್ಷ ಹೂವರ್ ಬಹುಮಟ್ಟಿಗೆ ಹಾಗೆಯೇ ನಡೆದರು. ಶಿಫಾರಸಿನಿಂದ ಬಂದವರನ್ನು ಹೊರಗೆ ಹಾಕಿದರು. 8 ಲಕ್ಷಕ್ಕೂ ಹೆಚ್ಚು ಬೆರಳಚ್ಚುಗಳನ್ನು ಒಂದೆಡೆ ತಂದರು. 1932ರಲ್ಲಿ ಅಪರಾಧ ಪ್ರಯೋಗಾಲಯ, 1935ರಲ್ಲಿ ಪೊಲೀಸ್ ತರಬೇತಿ ಅಕಾಡೆಮಿ ತೆರೆದರು. ಡಿಲಿಂಜರ್‌ನಂಥ ಬ್ಯಾಂಕ್ ದರೋಡೆಕೋರರ ಬೇಟೆ ತಂದುಕೊಟ್ಟ ಜನಪ್ರಿಯತೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಸಿನಿಮಾಗಳು ಆ ಕೆಲಸವನ್ನು ಧಾರಾಳವಾಗಿ ಮಾಡಿವೆ. ದಕ್ಷ ಅಧಿಕಾರಿ ಎಂಬ ನಿಜವಾದ ಹೆಸರೇ ಅವರ ಮೊದಲ ಬಂಡವಾಳ ಎಂಬುದು ಇಲ್ಲಿ ಮುಖ್ಯ.

1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಫ್ಯಾಸಿಸ್ಟ್ ಹಾಗೂ ಕಮ್ಯುನಿಸ್ಟ್ ಚಟುವಟಿಕೆಗಳ ಬಗ್ಗೆ ಮಾಹಿತಿ ಕಲೆಹಾಕಲು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರು. ಅಲ್ಲಿಂದ ಸ್ಟೋನ್ ಹಾಕಿದ್ದ ಬೇಲಿ ಸಡಿಲವಾಯಿತು. ಬ್ಯೂರೊದ ಪತ್ರಗಳ ಅಂಚಿನಲ್ಲಿ ಹೂವರ್ ನೀಲಿ ಶಾಯಿಯಲ್ಲಿ ಷರಾ ಬರೆಯುತ್ತಿದ್ದರು. ಆ ಶಾಯಿ ಬೇರೆಯವರಿಗೆ ನಿಷಿದ್ಧ. ಹೀಗಾಗಿ ಯಾವುದು ಸಾಹೇಬರ ಅಪ್ಪಣೆ ಎಂಬುದು ಕಡತ ತೆರೆದ ಯಾರಿಗಾದರೂ ತಿಳಿಯುತ್ತಿತ್ತು. ಎಲ್ಲವೂ ದಾಖಲಾಗಬೇಕೆಂಬ ಈ ಹಟದ ಜತೆಗೇ, ಕೆಲವು ಎಂದೂ ದಾಖಲಾಗಬಾರದೆಂಬ ಇನ್ನೊಂದು ಪದ್ಧತಿಯೂ ಬೆಳೆಯಿತು. ವಾರಂಟ್ ಇಲ್ಲದೆ ಬೀಗ ಮುರಿದು ನುಗ್ಗುವ ಕಾರ್ಯಾಚರಣೆಯ ಕಾಗದಗಳಿಗೆ ಕಡತದ ಸಂಖ್ಯೆಯನ್ನೇ ಕೊಡುತ್ತಿರಲಿಲ್ಲ. ಶಾಖಾ ಮುಖ್ಯಸ್ಥನ ತಿಜೋರಿಯಲ್ಲಿದ್ದ ಟಿಪ್ಪಣಿ ಮುಂದಿನ ತಪಾಸಣೆ ಮುಗಿದ ಮೇಲೆ ನಾಶವಾಗುತ್ತಿತ್ತು. ಈ ಏರ್ಪಾಡು ನಮಗೆ ತಿಳಿದಿರುವುದೂ ಒಂದು ಕಾಗದದಿಂದಲೇ: ಅದನ್ನು ವಿವರಿಸಿ ಹಿರಿಯ ಅಧಿಕಾರಿ ವಿಲಿಯಂ ಸಲಿವನ್ 1966ರ ಜುಲೈನಲ್ಲಿ ಬರೆದ ಟಿಪ್ಪಣಿ ನಾಶವಾಗದೆ ಉಳಿದುಬಿಟ್ಟಿತು.

1956ರಲ್ಲಿ ಆರಂಭವಾದ ‘ಕಾಯಿಂಟೆಲ್‌ಪ್ರೊ’ ಕಾರ್ಯಕ್ರಮ ಮಾಹಿತಿ ಸಂಗ್ರಹವನ್ನು ದಾಟಿ, ಸಂಘಟನೆಗಳನ್ನು ಒಳಗಿನಿಂದ ಒಡೆಯುವ ಕೆಲಸಕ್ಕೆ ಇಳಿಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಟೆಲಿಫೋನಿಗೆ ಕದ್ದಾಲಿಕೆ ಹಾಕಲು 1963ರಲ್ಲಿ ಅನುಮತಿ ನೀಡಿದವರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿ. 1964ರ ನವೆಂಬರಿನಲ್ಲಿ ಕಿಂಗ್‌ಗೆ ಬೆದರಿಕೆಯ ಅನಾಮಧೇಯ ಪತ್ರ ಹೋದದ್ದು ಮಾತ್ರ ಬ್ಯೂರೊ ಒಳಗಿನಿಂದಲೇ. ಹೂವರ್ ಒಬ್ಬರನ್ನೇ ಖಳನಾಗಿಸುವ ಬರಹಗಳು ಈ ಮೊದಲ ಸಹಿಯನ್ನು ಮರೆಯುತ್ತವೆ. ಅವರ ಮಾಹಿತಿಯನ್ನು ಬೇಡಿ ಪಡೆದ ಅಧ್ಯಕ್ಷರು ಎರಡೂ ಪಕ್ಷಗಳಲ್ಲಿದ್ದರು. 70 ತುಂಬಿದವರ ಕಡ್ಡಾಯ ನಿವೃತ್ತಿಯಿಂದ ಅವರಿಗೆ 1964ರ ಮೇ ತಿಂಗಳಲ್ಲಿ ವಿನಾಯಿತಿ ನೀಡಿದವರು ಅಧ್ಯಕ್ಷ ಜಾನ್ಸನ್.

ಕಟ್ಟಡ ಬಿರುಕು ಬಿಟ್ಟದ್ದು ರಾಜಧಾನಿಯಲ್ಲಲ್ಲ, ಪೆನ್ಸಿಲ್ವೇನಿಯದ ಮೀಡಿಯಾ ಎಂಬ ಸಣ್ಣ ಪಟ್ಟಣದಲ್ಲಿ. 1971ರ ಮಾರ್ಚ್ 8ರ ರಾತ್ರಿ, ಅಲಿ–ಫ್ರೇಜರ್ ಮುಷ್ಟಿಕಾಳಗಕ್ಕೆ ದೇಶವೆಲ್ಲ ಕಿವಿಗೊಟ್ಟಿದ್ದಾಗ, ಎಂಟು ಮಂದಿಯ ಗುಂಪೊಂದು ಅಲ್ಲಿನ ಬ್ಯೂರೊ ಶಾಖೆಗೆ ನುಗ್ಗಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿತು. ಅವುಗಳ ನಡುವೆ ಇದ್ದ ಒಂದು ರವಾನೆ ಚೀಟಿಯ ಮೇಲೆ ಕಾಯಿಂಟೆಲ್‌ಪ್ರೊ ಎಂಬ ಹೆಸರಿತ್ತು. ಅದೇನೆಂದು ತಿಳಿಯಲು ಎನ್‌ಬಿಸಿ ವರದಿಗಾರ ಕಾರ್ಲ್ ಸ್ಟರ್ನ್ ಮೊಕದ್ದಮೆ ಹೂಡಿ ಗೆದ್ದರು. 1973ರ ಡಿಸೆಂಬರಿನಲ್ಲಿ ಮೊದಲ ದಾಖಲೆಗಳು ಹೊರಬಂದವು. ಅಷ್ಟರಲ್ಲಿ ಹೂವರ್ ತೀರಿಕೊಂಡಿದ್ದರು. 1918ರಿಂದ ಜತೆಗಿದ್ದ ಕಾರ್ಯದರ್ಶಿ ಹೆಲೆನ್ ಗ್ಯಾಂಡಿ, ಹೂವರ್ ಅವರ ‘ಖಾಸಗಿ’ ಕಡತಗಳನ್ನು ನಾಶಮಾಡಿದ್ದರು. ಅವು ಬರೀ ಸ್ವಂತ ಪತ್ರಗಳೆಂದು ಆಕೆ 1975ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅದನ್ನು ಪೂರ್ತಿ ಒಪ್ಪುವ ಇತಿಹಾಸಕಾರರು ವಿರಳ.

ಕಾನೂನು ಬಾಯಿ ಬಿಟ್ಟದ್ದು ತಡವಾಗಿ. ನಿರ್ದೇಶಕರ ನೇಮಕಕ್ಕೆ ಸೆನೆಟ್‌ನ ಒಪ್ಪಿಗೆ ಬೇಕೆಂದು 1968ರಲ್ಲಿ, ಅವಧಿ 10 ವರ್ಷ ಮೀರಬಾರದೆಂದು 1976ರಲ್ಲಿ ಶಾಸನವಾಯಿತು. ಭಾರತದ ಅನುಭವ ಇದಕ್ಕೆ ತದ್ವಿರುದ್ಧ. ಸ್ವತಂತ್ರ ಭಾರತದ ಗುಪ್ತಚರ ಬ್ಯೂರೊವನ್ನು ಬಿ.ಎನ್. ಮಲ್ಲಿಕ್ 1950ರಿಂದ 1964ರವರೆಗೆ ನಡೆಸಿದ್ದುಂಟು. ಆದರೆ ನಮ್ಮ ನ್ಯಾಯಾಲಯಗಳನ್ನು ಕಾಡಿದ್ದು ದೀರ್ಘಾವಧಿಯಲ್ಲ, ಮನಬಂದಂತೆ ನಡೆಯುವ ಎತ್ತಂಗಡಿ. 1997ರ ವಿನೀತ್ ನಾರಾಯಣ್ ತೀರ್ಪು ಸಿಬಿಐ ನಿರ್ದೇಶಕರಿಗೆ, 2006ರ ಪ್ರಕಾಶ್ ಸಿಂಗ್ ತೀರ್ಪು ರಾಜ್ಯಗಳ ಡಿಜಿಪಿಗಳಿಗೆ ಕನಿಷ್ಠ ಎರಡು ವರ್ಷದ ಖಾತರಿ ಕೊಟ್ಟವು. 2021ರ ತಿದ್ದುಪಡಿ ಸಿಬಿಐ ನಿರ್ದೇಶಕರ ಅವಧಿಯನ್ನು ವರ್ಷ ವರ್ಷಕ್ಕೆ ವಿಸ್ತರಿಸಿ ಒಟ್ಟು ಐದು ವರ್ಷದವರೆಗೆ ಒಯ್ಯಲು ಅವಕಾಶವಿತ್ತಿತು. ಹೀಗೆ ವರ್ಷ ವರ್ಷವೂ ಸರ್ಕಾರದ ಮುಖ ನೋಡಬೇಕಾದ ಅಧಿಕಾರಿಯ ಸ್ವಾತಂತ್ರ್ಯ, ಹೂವರ್ ಅನುಭವಿಸಿದ ಅಂಕೆಯಿಲ್ಲದ ಸ್ವಾತಂತ್ರ್ಯದಷ್ಟೇ ಚಿಂತಿಸಬೇಕಾದ ವಿಷಯ.

10 ವರ್ಷದ ಮಿತಿಯೂ ಅಭೇದ್ಯವಲ್ಲ. 2011ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾಯ್ದೆ ಮಾಡಿ ಆಗಿನ ನಿರ್ದೇಶಕ ರಾಬರ್ಟ್ ಮ್ಯೂಲರ್‌ಗೆ ಇನ್ನೆರಡು ವರ್ಷ ಕೊಟ್ಟಿತು. ಬ್ಯೂರೊದ ಅಧಿಕಾರದ ಎಲ್ಲೆಯನ್ನು ಸಮಗ್ರವಾಗಿ ಗೊತ್ತುಪಡಿಸುವ ಶಾಸನವೊಂದನ್ನು ತರುವ 1970ರ ದಶಕದ ಪ್ರಯತ್ನ ಕೈಗೂಡಲಿಲ್ಲ. ದೇಶದೊಳಗಿನ ಗುಪ್ತಚರ ಕೆಲಸ ಇಂದಿಗೂ ಬಹುಪಾಲು ಅಟಾರ್ನಿ ಜನರಲ್ ಹೊರಡಿಸುವ ಮಾರ್ಗಸೂಚಿಗಳ ಮೇಲೆಯೇ ನಡೆಯುತ್ತಿದೆ.