ರೆಕ್ಕೆಯ ತೂಕದ ಮುನ್ನಂದಾಜು

ವಿಮಾನ ಇನ್ನೂ ಕಾಗದದ ಮೇಲಿರುವಾಗಲೇ ಅದರ ರೆಕ್ಕೆಯ ಕಟ್ಟು ಎಷ್ಟು ತೂಗಬಹುದೆಂದು ಲೆಕ್ಕ ಹಾಕುವ ವಿದ್ಯೆ. ಸಾಗಣೆ ವಿಮಾನಗಳಲ್ಲಿ ರೆಕ್ಕೆಯ ಪಾಲು ಒಟ್ಟು ತೂಕದ ನೂರಕ್ಕೆ ಸುಮಾರು ಹತ್ತು. ಇಲ್ಲಿ ಅಂದಾಜು ತಪ್ಪಿದರೆ ತಪ್ಪು ಅಷ್ಟಕ್ಕೇ ನಿಲ್ಲದು. ರೆಕ್ಕೆ ಭಾರವಾದರೆ ಇಂಧನ ಹೆಚ್ಚು ಬೇಕು. ಆ ಇಂಧನವನ್ನು ಎತ್ತಲು ಇನ್ನೂ ದೊಡ್ಡ ರೆಕ್ಕೆ ಬೇಕು.

ತೊಡಕಿನ ಮೂಲವನ್ನು ಗೆಲಿಲಿಯೊ 1638ರಲ್ಲೇ ಹೇಳಿದ್ದ. ಆಕಾರ ಬದಲಿಸದೆ ಅಳತೆಯನ್ನು ಇಮ್ಮಡಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಇದೇ ತರ್ಕ ಹಿಡಿದು ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಂಬ್ 1901ರಲ್ಲಿ ಹಾರುವ ಯಂತ್ರದ ಕನಸನ್ನೇ ಅನುಮಾನಿಸಿದ. ವಿನ್ಯಾಸಕಾರರು ಪಾರಾದದ್ದು ಆಕಾರವನ್ನೂ ಕಟ್ಟುವ ವಸ್ತುವನ್ನೂ ಬದಲಿಸಿ. ಇಂಧನವನ್ನು ರೆಕ್ಕೆಯೊಳಗೇ ತುಂಬಿದ್ದು ಅವರ ಜಾಣತನ. ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸುವಾಗ ಇಂಧನದ ಭಾರ ಕೆಳಕ್ಕೆ ಜಗ್ಗುತ್ತದೆ, ಬುಡದ ಮೇಲಿನ ಒತ್ತಡ ಇಳಿಯುತ್ತದೆ. ರೆಕ್ಕೆಯ ದಪ್ಪವೂ ಮುಖ್ಯ. ಬುಡದಲ್ಲಿ ದಪ್ಪ ಅರ್ಧವಾದರೆ ಸ್ಪಾರ್ ಎಂಬ ತೊಲೆಯ ಮೇಲುಪಟ್ಟಿ, ಕೆಳಪಟ್ಟಿಗಳು ಸುಮಾರು ಎರಡು ಪಟ್ಟು ಬಲ ತಾಳಬೇಕು.

ತೂಕದ ಲೆಕ್ಕವೇ ಒಂದು ಕಸುಬಾದದ್ದು 20ನೇ ಶತಮಾನದಲ್ಲಿ. ತೂಕದ ಎಂಜಿನಿಯರುಗಳು 1939ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಎಂಜಿನಿಯರ್ ಶಾನ್ಲಿ 1952ರ ಗ್ರಂಥದಲ್ಲಿ ಬಲದಿಂದ ತೂಕಕ್ಕೆ ಹೋಗುವ ದಾರಿ ತೋರಿದ. ನೆದರ್ಲೆಂಡ್ಸಿನ ಟೋರೆನ್‌ಬೀಕ್ 1976ರ ಪುಸ್ತಕದಲ್ಲಿ ರೆಕ್ಕೆಯ ಉದ್ದ, ಬುಡದ ದಪ್ಪ, ತಾಳಬೇಕಾದ ಗರಿಷ್ಠ ಹೊರೆಗಳನ್ನು ಒಂದೇ ಸೂತ್ರಕ್ಕೆ ತಂದ. ಇಂಥ ಸೂತ್ರಗಳಿಗೆ ಗೊತ್ತಿರುವುದು ಹಿಂದೆ ಕಟ್ಟಿ ತೂಗಿದ ವಿಮಾನಗಳು ಮಾತ್ರ.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಬೆಂಗಳೂರು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗ ಬಂದವು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ರೂಪಿಸಿದ ಯುದ್ಧವಿಮಾನ ಮರುತ್ ಹಾರಿದ್ದು 1961ರಲ್ಲಿ, ಜೆಟ್ ತರಬೇತಿ ವಿಮಾನ ಕಿರಣ್ 1964ರಲ್ಲಿ.

ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಕಿರಣ್ ಹೊಸದಲ್ಲ. ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡ 1996ರಲ್ಲಿ ಕಿರಣ್ ವಿಮಾನಗಳೊಂದಿಗೆ ಹುಟ್ಟಿದ್ದು ಅವರದೇ ಜಿಲ್ಲಾ ಕೇಂದ್ರ ಬೀದರ್‌ನಲ್ಲಿ. ಕಿರಣ್ ರೆಕ್ಕೆಯ ವಿಸ್ತೀರ್ಣ 19 ಚದರ ಮೀಟರ್, ಮೊದಲ ಮಾದರಿಯ ಗರಿಷ್ಠ ತೂಕ ಸುಮಾರು 4,200 ಕಿಲೋ. ಅದನ್ನೇ ಮೊದಲ ಹಾಳೆಯ ಲೆಕ್ಕಕ್ಕೆ ಹಚ್ಚಿ ನೋಡಬಹುದು. ನೂರಕ್ಕೆ ಹತ್ತರ ರೂಢಿಯಂತೆ ರೆಕ್ಕೆ 420 ಕಿಲೋ. ಚದರ ಮೀಟರಿಗೆ 44 ಕಿಲೋ ಎಂಬ ಯುದ್ಧವಿಮಾನದ ದರ ಹಿಡಿದರೆ ಸುಮಾರು 840 ಕಿಲೋ. 12 ಕಿಲೋ ಎಂಬ ಸಣ್ಣ ಖಾಸಗಿ ವಿಮಾನದ ದರ ಹಿಡಿದರೆ 230ರ ಆಸುಪಾಸು. ವಿಮಾನ ಒಂದೇ, ಉತ್ತರ ಮೂರು. ಸೂತ್ರ ಹುಡುಕುವುದಕ್ಕಿಂತ ಹೊಸ ವಿಮಾನ ಯಾವ ಕುಲದ್ದೆಂದು ತೀರ್ಮಾನಿಸುವುದೇ ಕಷ್ಟ.

ಕಾರ್ಬನ್ ನಾರಿನ ರೆಕ್ಕೆ ಬಂದಮೇಲೆ ಹಳೆಯ ಅಲ್ಯೂಮಿನಿಯಂ ಅಂಕಿಗಳು ಸಾಲದಾದವು. ಬೋಧನೆಯಲ್ಲಿ ಇಂದಿಗೂ ಹಳೆಯ ಸೂತ್ರದ ಉತ್ತರವನ್ನು 0.85-0.9ರಿಂದ ಗುಣಿಸಿಕೊಳ್ಳುತ್ತಾರೆ, ಇದು ಶಾಸ್ತ್ರಕ್ಕಿಂತ ಅನುಭವದ ಮಾತು. 2001ರಲ್ಲಿ ಹಾರಿದ ಯುದ್ಧವಿಮಾನ ತೇಜಸ್‌ನ ರೆಕ್ಕೆ ಇಂಥ ನಾರಿನದು.

ಅಂದಾಜು ಕೈಕೊಟ್ಟದ್ದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಸರಸ್ ವಿಮಾನದ ಖಾಲಿ ತೂಕ ಸುಮಾರು 4,125 ಕಿಲೋ ಇರಬೇಕೆಂದು ಗುರಿ ಇಟ್ಟಿದ್ದರು. 2004ರ ಮೇ 29ರಂದು ಹಾರಿದ ಮೊದಲ ಮಾದರಿ ಸುಮಾರು 5,118 ಕಿಲೋ ತೂಗಿತು. ಹೆಚ್ಚಿದ್ದು ಇಡೀ ವಿಮಾನದ ತೂಕ, ರೆಕ್ಕೆಯೊಂದರದ್ದಲ್ಲ. ಆದರೂ ತೂಕ ಇಳಿಸಲು ಹೊರಟಾಗ ಮೂರನೆಯ ಮಾದರಿಗೆ ಯೋಜಿಸಿದ್ದು ನಾರಿನ ರೆಕ್ಕೆ ಮತ್ತು ಬಾಲವನ್ನೇ.