ಮ್ಯೂನಿಕ್ ನಗರದ ಎಂಜಿನಿಯರಿಂಗ್ ವಿದ್ಯಾಶಾಲೆಯೂ ಅದರ ಶಾಖೆಗಳೂ

ನಮ್ಮ ನಾಡಿನ ಹೊಲಗದ್ದೆಗಳಲ್ಲಿ ನೀರೆತ್ತುವ ಎಂಜಿನ್ನಿಗೂ, ಜಾತ್ರೆಗೆ ಭಕ್ತರನ್ನು ಹೊತ್ತು ತರುವ ಮೋಟಾರು ಬಂಡಿಗೂ ಹಾಕುವ ಎಣ್ಣೆಯನ್ನು ಡೀಸೆಲ್ ಎಂದು ಕರೆಯುವುದು ಸರ್ವತ್ರ ರೂಢಿಯಾಗಿದೆ. ಅದು ಮೂಲತಃ ಎಣ್ಣೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು ಎಂಬ ಸಂಗತಿಯು ಬಹುಮಂದಿಗೆ ತಿಳಿದಿರಲಾರದು. ಪುಸ್ತಕಗಳಿಗೆ ರಟ್ಟು ಕಟ್ಟುವುದನ್ನು ಕಲಿತು, ತೊಗಲಿನ ಸಾಮಾನುಗಳನ್ನು ಮಾಡಿ ಮಾರಿ ಜೀವಿಸುತ್ತಿದ್ದ ಒಬ್ಬ ಕಸಬುದಾರನ ಮಗನು ಆತನು. ಆತನಿಗೆ ವಿದ್ಯೆಯನ್ನಿತ್ತದ್ದು ಜರ್ಮನಿ ದೇಶದ ಬವೇರಿಯಾ ಪ್ರಾಂತದ ರಾಜಧಾನಿಯಾದ ಮ್ಯೂನಿಕ್ ನಗರದ ಶಾಲೆ. ಆ ಶಾಲೆಯ ಚರಿತ್ರೆಯನ್ನು ಶ್ರೀಮಠದ ಈ ಮಹೋತ್ಸವ ಗ್ರಂಥದ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ದೂರದೇಶದ ಶಾಲೆಯೊಂದರ ಕಥೆಗೆ ಮಠದ ಗ್ರಂಥದಲ್ಲಿ ಎಡೆಯೇಕೆ ಎಂದು ಯಾರಾದರೂ ಕೇಳಬಹುದು. ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯವರು 1947ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಮಠವೂ, ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠವೂ ಅದೇ ಕಾರ್ಯವನ್ನು ಕೈಕೊಂಡವು. ಅನ್ನದಾಸೋಹ ಜ್ಞಾನದಾಸೋಹಗಳಿಗೆ ಹೆಸರಾದ ಮಠಗಳು ಯಂತ್ರವಿದ್ಯೆಗೂ ಆಶ್ರಯವನ್ನು ಕೊಟ್ಟುದರಲ್ಲಿ ನಮ್ಮವರಿಗೆ ಆಶ್ಚರ್ಯವೇನೂ ತೋರಲಿಲ್ಲ. ಬಿದಿರು ಹೆಣೆಯುವ ಕೇತಯ್ಯನವರನ್ನೂ, ಹಗ್ಗ ಹೊಸೆಯುವ ಚಂದಯ್ಯನವರನ್ನೂ, ಬಟ್ಟೆ ಒಗೆಯುವ ಮಾಚಯ್ಯನವರನ್ನೂ ಗುರುಹಿರಿಯರ ಸಾಲಿನಲ್ಲಿಟ್ಟು ಪೂಜಿಸುವ ಸಮಾಜಕ್ಕೆ ಕೈಗೆಲಸವು ಕೀಳೆಂಬ ಭಾವನೆ ಇರಕೂಡದು. ಐರೋಪ್ಯ ಖಂಡದಲ್ಲಾದರೋ ಆ ಭಾವನೆಯು ಬಲವಾಗಿಯೇ ಇತ್ತು. ಅದರೊಡನೆ ಮ್ಯೂನಿಕ್ಕಿನ ಶಾಲೆಯು ಹೆಣಗಿದ ಬಗೆಯೇ ಅದರ ಚರಿತ್ರೆಯ ಮುಖ್ಯ ಭಾಗವೆಂದು ನನ್ನ ಎಣಿಕೆ.

1833ರಲ್ಲಿ ಬವೇರಿಯಾದ ಔಗ್ಸ್‌ಬುರ್ಗ್, ಮ್ಯೂನಿಕ್, ನ್ಯೂರೆಂಬರ್ಗ್ ನಗರಗಳಲ್ಲಿ ಕಸಬುಗಳಿಗೆ ಬೇಕಾದ ಶಾಸ್ತ್ರಗಳನ್ನು ಕಲಿಸುವ ಪಾಠಶಾಲೆಗಳು ಏರ್ಪಟ್ಟುವು. ಅವು ಮಧ್ಯಮ ತರಗತಿಯವು. ರೈಲುದಾರಿ, ಸೇತುವೆ, ಕಾರ್ಖಾನೆಗಳು ಹೆಚ್ಚುತ್ತ ಬಂದಂತೆ ಆ ಪಾಠಗಳು ಸಾಲದೆ ಹೋಗಿ, 1868ನೆಯ ಇಸವಿಯಲ್ಲಿ ಎರಡನೆಯ ಲುಡ್ವಿಗ್ ಎಂಬ ದೊರೆಯು ಮ್ಯೂನಿಕ್ಕಿನಲ್ಲಿ ಉನ್ನತ ತರಗತಿಯ ಪಾಲಿಟೆಕ್ನಿಕ್ ಶಾಲೆಯನ್ನು ಸ್ಥಾಪಿಸಿದನು. ಗೊಟ್‌ಫ್ರೀಡ್ ನಾಯ್‌ರಾಯ್ಟರ್ ಎಂಬ ವಾಸ್ತುಶಿಲ್ಪಿಯು ಅದಕ್ಕೆ ಭವ್ಯವಾದ ಮಂದಿರವನ್ನು ರಚಿಸಿದನು. ಭೂಮಿಯನ್ನಳೆಯುವ ಶಾಸ್ತ್ರದಲ್ಲಿ ಪ್ರವೀಣನಾಗಿದ್ದ ಬೌವರ್ನ್‌ಫೈಂಡ್ ಎಂಬಾತನು ಮೊದಲನೆಯ ನಿರ್ದೇಶಕನಾದನು. ಮೊದಲ ವರ್ಷದಲ್ಲಿ ಸುಮಾರು 350 ಮಂದಿ ವಿದ್ಯಾರ್ಥಿಗಳಿದ್ದರು.

ಆಗ ಶಾಲೆಗೆ ಐದು ಶಾಖೆಗಳಿದ್ದುವು. ಗಣಿತ, ಪ್ರಕೃತಿಶಾಸ್ತ್ರ ಮೊದಲಾದ ಸಾಮಾನ್ಯ ವಿದ್ಯೆಗಳದು ಒಂದು. ಸೇತುವೆ, ದಾರಿ, ಭೂಮಾಪನಗಳದು ಮತ್ತೊಂದು. ಕಟ್ಟಡಗಳ ರಚನೆ ಎಂದರೆ ವಾಸ್ತುವಿದ್ಯೆಯದು ಮೂರನೆಯದು. ಯಂತ್ರಗಳದು, ರಸಾಯನದ್ದು ಎಂದು ಇನ್ನೆರಡು. 1872ರಲ್ಲಿ ಬೇಸಾಯದ ಶಾಖೆಯೂ ಕೂಡಿಕೊಂಡಿತು. ಮನೆಯ ಅಂದವನ್ನು ಕಲ್ಪಿಸುವವನೂ ಕಬ್ಬಿಣದ ತೊಲೆಯ ಬಲವನ್ನು ಲೆಕ್ಕ ಹಾಕುವವನೂ ಒಂದೇ ಸೂರಿನ ಕೆಳಗೆ, ಒಂದೇ ಗಣಿತದ ಪಾಠವನ್ನು ಕೇಳಿ, ಬಳಿಕ ತಂತಮ್ಮ ಕೊಠಡಿಗಳಿಗೆ ಹೋಗುತ್ತಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಪ್ರಯೋಜನವುಂಟು.

ಆರಂಭಕಾಲದ ಅಧ್ಯಾಪಕರಲ್ಲಿ ಯೋಹಾನ್ ಬೌಷಿಂಗರ್ ಎಂಬಾತನು ಸ್ಮರಣೀಯನು. ಮೊದಲು ಇವನು ಫ್ಯೂರ್ತ್ ಎಂಬ ಊರಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಕಬ್ಬಿಣ, ಕಲ್ಲು, ಸಿಮೆಂಟು, ಮರ ಇವುಗಳು ಎಷ್ಟು ಭಾರವನ್ನು ತಾಳುವುವು ಎಂಬುದನ್ನು ಆ ಕಾಲದ ಕಾರ್ಖಾನೆಯವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಪರೀಕ್ಷಿಸುತ್ತಿದ್ದುದರಿಂದ ಒಬ್ಬನ ಮಾತು ಮತ್ತೊಬ್ಬನಿಗೆ ಪ್ರಮಾಣವಾಗುತ್ತಿರಲಿಲ್ಲ. ಬೌಷಿಂಗರನು ಶಾಲೆಯಲ್ಲಿಯೇ ಪರೀಕ್ಷಾಲಯವನ್ನು ಕಟ್ಟಿ, 100 ಟನ್ ಬಲದಿಂದ ಎಳೆಯಬಲ್ಲ ಯಂತ್ರವನ್ನು ಅಲ್ಲಿರಿಸಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹಿಗ್ಗುವಿಕೆಯನ್ನು ಕನ್ನಡಿಗಳ ಸಹಾಯದಿಂದ ಅಳೆದನು. ಒಂದು ದಿಕ್ಕಿಗೆ ಮಿತಿಮೀರಿ ಎಳೆದ ಲೋಹವು ಹಿಂದಿರುಗಿ ಒತ್ತಿದಾಗ ಮೊದಲಿಗಿಂತ ಬೇಗನೆ ಸೋಲುವುದೆಂಬುದನ್ನು ಕಂಡುಹಿಡಿದವನು ಇವನೇ. ಇಂದಿಗೂ ಆ ಗುಣಕ್ಕೆ ಇವನ ಹೆಸರೇ ಇದೆ. ಪರೀಕ್ಷೆಯ ಕ್ರಮಗಳು ಎಲ್ಲೆಡೆಯೂ ಒಂದೇ ಆಗಿರಬೇಕೆಂದು 1884ರಲ್ಲಿ ಮ್ಯೂನಿಕ್ಕಿನಲ್ಲಿ ತಜ್ಞರ ಸಭೆಯೊಂದನ್ನೂ ಸೇರಿಸಿದನು. ಸಂತೆಯಲ್ಲಿ ಸೇರು ಪಾವುಗಳು ಒಂದೇ ಅಳತೆಯವಾಗಿರಬೇಕೆಂಬಷ್ಟೇ ಸಹಜವಾದ ಬೇಡಿಕೆಯಿದು. ಆದರೂ ಯಾರೋ ಒಬ್ಬರು ಮೊದಲು ಕೇಳಬೇಕಷ್ಟೆ.

ಕಾರ್ಲ್ ಲಿಂಡೆಯ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 1842ರಲ್ಲಿ ಹುಟ್ಟಿದ ಈತನು ಜ್ಯೂರಿಕ್ ನಗರದಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಸೇರಿ, ಪದವಿಯಿಲ್ಲದೆ ಅಲ್ಲಿಂದ ಹೊರಬೀಳಬೇಕಾಯಿತು. ಅಂಥವನನ್ನು ಮ್ಯೂನಿಕ್ಕಿನ ಹೊಸ ಶಾಲೆಯವರು 1868ರಲ್ಲಿ ಕರೆದು ಅಧ್ಯಾಪಕನನ್ನಾಗಿ ಮಾಡಿಕೊಂಡರೆಂಬುದು ಆ ಶಾಲೆಯ ಔದಾರ್ಯಕ್ಕೆ ಸಾಕ್ಷಿಯಾಗಿದೆ. 1875ರ ಸುಮಾರಿಗೆ ಆತನು ಯಂತ್ರಗಳ ಪ್ರಯೋಗಶಾಲೆಯೊಂದನ್ನು ಏರ್ಪಡಿಸಿದನು. ವಿದ್ಯಾರ್ಥಿಗಳು ಹಲಗೆಯ ಮೇಲೆ ಬರೆದ ಚಿತ್ರದಿಂದ ತೃಪ್ತರಾಗದೆ, ಯಂತ್ರವನ್ನು ಕೈಯಾರೆ ನಡೆಯಿಸಿ, ಉಷ್ಣವನ್ನೂ ಬಲವನ್ನೂ ಅಳೆದು, ಲೆಕ್ಕಕ್ಕೂ ಅನುಭವಕ್ಕೂ ಎಲ್ಲಿ ವ್ಯತ್ಯಾಸ ಬಂದಿತೆಂದು ಹುಡುಕಬೇಕಾಯಿತು. ಲಿಂಡೆಯು ಸ್ವತಃ ಶೀತಯಂತ್ರವನ್ನು ನಿರ್ಮಿಸುವ ಯತ್ನದಲ್ಲಿದ್ದನು. ಅದಕ್ಕೆ ಹಣವನ್ನೂ ಸ್ಥಳವನ್ನೂ ಒದಗಿಸಿದವರು ಆ ನಗರದ ಮದ್ಯದ ಕಾರ್ಖಾನೆಯವರು. ಮಠದ ಗ್ರಂಥದಲ್ಲಿ ಇದನ್ನು ಬರೆಯಲು ಲೇಖನಿ ಹಿಂದೆಗೆಯುತ್ತದಾದರೂ, ಚರಿತ್ರೆಯನ್ನು ಮುಚ್ಚಿಡುವುದು ಸಲ್ಲದು. ಚಳಿಗಾಲದಲ್ಲಿ ಕೆರೆಗಳಿಂದ ಕಡಿದು ತಂದ ಮಂಜುಗಡ್ಡೆಯನ್ನು ನೆಲಮಾಳಿಗೆಗಳಲ್ಲಿ ಕೂಡಿಟ್ಟು ಕಾಲಕಳೆಯುತ್ತಿದ್ದ ಜನಕ್ಕೆ ಯಂತ್ರದಿಂದಲೇ ಶೈತ್ಯವನ್ನು ಪಡೆಯುವ ದಾರಿ ದೊರಕಿತು. ಇಂದು ಹಾಲು, ಔಷಧಿ, ಮಕ್ಕಳಿಗೆ ಹಾಕುವ ಲಸಿಕೆ ಎಲ್ಲವೂ ಅದೇ ವಿದ್ಯೆಯ ಆಶ್ರಯದಲ್ಲಿ ಕೆಡದೆ ಉಳಿಯುತ್ತಿವೆ.

ಲಿಂಡೆಯ ಪಾಠವನ್ನು ಕೇಳಲು ಕುಳಿತವರಲ್ಲಿ ರುಡಾಲ್ಫ್ ಡೀಸೆಲನೂ ಒಬ್ಬನು. 1858ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದ ಇವನ ತಂದೆತಾಯಿಗಳು ಜರ್ಮನರು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧವಾದಾಗ ಆ ಕುಟುಂಬವು ಮನೆ ಅಂಗಡಿಗಳನ್ನು ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಔಗ್ಸ್‌ಬುರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಅಲ್ಲಿ ಬುದ್ಧಿವಂತನೆನಿಸಿಕೊಂಡು, ವಿದ್ಯಾರ್ಥಿವೇತನವನ್ನು ಪಡೆದು, 1875ರಲ್ಲಿ ಮ್ಯೂನಿಕ್ಕಿನ ಶಾಲೆಯನ್ನು ಸೇರಿದನು. 1878ರಲ್ಲಿ ಒಂದು ದಿನ ಲಿಂಡೆಯು ಪಾಠದ ನಡುವೆ, ಉಗಿಯಂತ್ರವು ತಾನು ನುಂಗುವ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರವೇ ಕೆಲಸಕ್ಕೆ ತಿರುಗಿಸುತ್ತದೆಂದು ಹೇಳಿದನು. ಉಳಿದ ತೊಂಬತ್ತು ಪಾಲು ವ್ಯರ್ಥ! ಈ ಮಾತು ತನ್ನ ಮನಸ್ಸಿನಲ್ಲಿ ನೆಟ್ಟಿತೆಂದೂ, ಆ ಕ್ಷಣವೇ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಅದನ್ನು ವಿಚಾರಿಸಬೇಕೆಂದು ಬರೆದುಕೊಂಡೆನೆಂದೂ ಡೀಸೆಲನು ಮುಂದೆ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ.

1879ರಲ್ಲಿ ವಿಷಮಶೀತಜ್ವರ ಬಂದು ಅವನ ಪರೀಕ್ಷೆ ತಪ್ಪಿತು. 1880ರ ಜನವರಿಯಲ್ಲಿ ಅತ್ಯುತ್ತಮವಾಗಿ ತೇರ್ಗಡೆಯಾದನು. ಕೆಲಸವನ್ನು ಕೊಟ್ಟವನೂ ಗುರುವಾದ ಲಿಂಡೆಯೇ. ಆದರೆ ಅಂಚಿನಲ್ಲಿ ಬರೆದಿಟ್ಟ ಮಾತು ಅವನನ್ನು ಸುಮ್ಮನಿರಗೊಡಲಿಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ತಕ್ಕಷ್ಟು ಕಾದ ಗಾಳಿಯಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಸಹಾಯವಿಲ್ಲದೆಯೇ ಹತ್ತಿಕೊಂಡು ಉರಿಯುತ್ತದೆ. ಇದೇ ಅವನ ಎಂಜಿನ್ನಿನ ಸೂತ್ರ. ಕಾಗದದ ಮೇಲೆ ಇದು ಸರಳ. ಔಗ್ಸ್‌ಬುರ್ಗಿನ ಕಾರ್ಖಾನೆಯಲ್ಲಿ 1893ರಿಂದ ನಾಲ್ಕು ವರ್ಷಗಳ ಕಾಲ ಸೋಲಿನ ಮೇಲೆ ಸೋಲನ್ನುಂಡು, ಒಮ್ಮೆ ಯಂತ್ರವು ಸಿಡಿದು, ಕಡೆಗೆ 1897ರ ಫೆಬ್ರವರಿ 17ರಂದು ಅಧಿಕೃತ ಪರೀಕ್ಷೆ ನಡೆಯಿತು. ಪರೀಕ್ಷಿಸಲು ಬಂದವನು ಅದೇ ಶಾಲೆಯಲ್ಲಿ ಲಿಂಡೆಯ ಪೀಠಕ್ಕೆ ಬಂದಿದ್ದ ಮೋರಿಟ್ಸ್ ಶ್ರೋಯ್ಟರ್. ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ಹೊರಬಿದ್ದಿತೆಂದು ಆತನು ಅಳೆದು ಸಾರಿದನು. ಒಬ್ಬ ಗುರು ಪ್ರಶ್ನೆಯನ್ನಿತ್ತನು, ಶಿಷ್ಯನು ಉತ್ತರವನ್ನು ಕಬ್ಬಿಣದಲ್ಲಿ ಎರಕಹೊಯ್ದನು, ಮತ್ತೊಬ್ಬ ಗುರು ಅದನ್ನು ಒರೆಗೆ ಹಚ್ಚಿದನು. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಂತಹ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ನಡೆಯಿತೆಂಬುದು ಶೇಂಗಾ ಬೆಳೆಯುವ ನಮ್ಮ ರೈತಬಂಧುಗಳಿಗೆ ಕೌತುಕದ ಸುದ್ದಿಯಾಗಬಹುದು. ಡೀಸೆಲನ ಕೊನೆ ಮಾತ್ರ ಶೋಕಕರವಾದುದು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಅವನು ಕಾಣದಾದನು.

ಇಷ್ಟು ಸಾಧನೆಗಳಿದ್ದರೂ ಶಾಲೆಗೆ ಪೂರ್ಣಗೌರವ ಸಂದಿರಲಿಲ್ಲ. 1877ರಲ್ಲಿ ಅದಕ್ಕೆ ರಾಜಕೀಯ ಉನ್ನತ ತಾಂತ್ರಿಕ ವಿದ್ಯಾಲಯವೆಂಬ ಹೆಸರೇನೋ ಬಂದಿತು. ಡಾಕ್ಟರ್ ಪದವಿಯನ್ನು ಕೊಡುವ ಅಧಿಕಾರ ಬರಲಿಲ್ಲ. ಆ ಅಧಿಕಾರವು ಪ್ರಾಚೀನ ವಿಶ್ವವಿದ್ಯಾನಿಲಯಗಳ ಸೊತ್ತು. ಎಣ್ಣೆ ಮಸಿಗಳ ವಿದ್ಯೆಗೆ ಅದೇಕೆಂಬುದು ಪಂಡಿತರ ಮತ. ಲುಡ್ವಿಗ್ ಪ್ರಾಂಟ್ಲ್ ಎಂಬ ಯುವಕನ ನಿದರ್ಶನವೇ ಸಾಕು. ಈ ಶಾಲೆಯಲ್ಲಿ ಔಗುಸ್ಟ್ ಫೋಪ್ಲ್ ಎಂಬ ಗುರುವಿನ ಬಳಿ ಕಲಿತು, ತೆಳುವಾದ ತೊಲೆಯು ಭಾರ ಹೆಚ್ಚಿದಾಗ ಪಕ್ಕಕ್ಕೆ ಹೊರಳುವ ಬಗೆಯನ್ನು ಕುರಿತು ಪ್ರಬಂಧವನ್ನು ರಚಿಸಿದನು. ಕಲಿತದ್ದು ಇಲ್ಲಿ, ಪದವಿಗಾಗಿ ಮಾತ್ರ 1900ರಲ್ಲಿ ಅದೇ ಊರಿನ ವಿಶ್ವವಿದ್ಯಾನಿಲಯದ ಬಾಗಿಲಿಗೆ ಹೋಗಬೇಕಾಯಿತು! ಮರುವರ್ಷ, 1901ರಲ್ಲಿ, ಆ ಅಧಿಕಾರವು ಈ ಶಾಲೆಗೂ ದೊರೆಯಿತು. ಪ್ರಾಂಟ್ಲನು ಮುಂದೆ ವಿಮಾನಶಾಸ್ತ್ರದ ತಳಹದಿಯನ್ನು ಹಾಕಿದ ಮಹಾಪುರುಷನಾದನು. ಸ್ತ್ರೀಯರಿಗೆ ಪ್ರವೇಶ ಸಿಕ್ಕಿದ್ದು 1905ರಲ್ಲಿ.

ವಾಸ್ತುಶಾಖೆಯಲ್ಲಿ ಫ್ರೀಡ್ರಿಕ್ ತಿಯೆರ್ಷನು ಪ್ರಸಿದ್ಧನು. ಮ್ಯೂನಿಕ್ಕಿನ ನ್ಯಾಯಮಂದಿರವೂ, ಶಾಲೆಯ ಗಡಿಯಾರ ಗೋಪುರವೂ ಅವನ ಕೃತಿಗಳು. ಶಾಲೆಯ ಮತ್ತೊಬ್ಬ ವಿದ್ಯಾರ್ಥಿ ಓಸ್ಕಾರ್ ಫಾನ್ ಮಿಲ್ಲರನು 1882ರಲ್ಲಿ ವಿದ್ಯುಚ್ಛಕ್ತಿಯನ್ನು 57 ಕಿಲೋಮೀಟರು ದೂರದಿಂದ ತಂತಿಯ ಮೂಲಕ ಮ್ಯೂನಿಕ್ಕಿಗೆ ತರಿಸಿ ತೋರಿಸಿದನು. 1903ರಲ್ಲಿ ಲಿಂಡೆ ಮೊದಲಾದವರೊಡನೆ ಸೇರಿ, ಸಾಮಾನ್ಯ ಜನರೂ ಯಂತ್ರಗಳನ್ನು ಕಣ್ಣಾರೆ ಕಂಡು ತಿಳಿಯಲೆಂದು ದೊಡ್ಡ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಿದನು.

1933ರಲ್ಲಿ ಹಿಟ್ಲರನ ಆಳಿಕೆ ಬಂದಾಗ ಶಾಲೆಯು ತಲೆಬಾಗಿತು. ಇದನ್ನು ಮರೆಸಿ ಶಾಲೆಯ ಸ್ತುತಿಯನ್ನು ಮಾತ್ರ ಹಾಡಿದರೆ ಅದು ಚರಿತ್ರೆಯಾಗದು. ಯೆಹೂದ್ಯ ಅಧ್ಯಾಪಕರನ್ನು ಹೊರಹಾಕಲಾಯಿತು. ನಗರದ ಅಂಚೆಕಚೇರಿಗಳನ್ನು ಹೊಸರೀತಿಯಲ್ಲಿ, ಆಡಂಬರವಿಲ್ಲದೆ ಕಟ್ಟಿದ ರಾಬರ್ಟ್ ಫೋರ್‌ಹೋಲ್ಟ್ಸರ್ ಎಂಬ ವಾಸ್ತು ಅಧ್ಯಾಪಕನನ್ನೂ ಅವನ ಶೈಲಿಯನ್ನೇ ಅಪರಾಧವೆಂದೆಣಿಸಿ ತೆಗೆದುಹಾಕಿದರು. ಗೋಡೆಯ ಆಕಾರಕ್ಕಾಗಿ ಮನುಷ್ಯನು ಜೀವನೋಪಾಯವನ್ನು ಕಳೆದುಕೊಂಡ ಕಾಲವದು. ಬಳಿಕ ಬಂದ ಯುದ್ಧದಲ್ಲಿ ಆಕಾಶದಿಂದ ಬಿದ್ದ ಗುಂಡುಗಳು ಶಾಲೆಯ ಬಹುಭಾಗವನ್ನು ನೆಲಸಮ ಮಾಡಿದುವು.

ಪುನರ್ನಿರ್ಮಾಣದ ಕಾಲದಲ್ಲಿ ಈ ಶಾಲೆಯ ಅಧ್ಯಾಪಕ ಹಾನ್ಸ್ ಡೋಲ್‌ಗಾಸ್ಟನು ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದುವರಿಯಲಾರೆ. ಶಾಲೆಯ ಬಳಿಯಲ್ಲಿಯೇ ಇದ್ದ ಹಳೆಯ ಚಿತ್ರಶಾಲೆಯ ನಡುಭಾಗವು ಗುಂಡಿಗೆ ಸಿಕ್ಕಿ ಕುಸಿದಿತ್ತು. ಕೆಡವಿಬಿಡುವುದೇ ಲೇಸೆಂದು ಕೆಲವರು. ಮೊದಲಿನಂತೆಯೇ ಅಲಂಕರಿಸಬೇಕೆಂದು ಕೆಲವರು. ಡೋಲ್‌ಗಾಸ್ಟನು ಪಾಳುಬಿದ್ದ ಕಟ್ಟಡಗಳ ಇಟ್ಟಿಗೆಗಳನ್ನಾಯ್ದು ತಂದು, 1952ರಿಂದ 1957ರ ವರೆಗೆ ಆ ಬಿರುಕನ್ನು ಸಾದಾ ಗೋಡೆಯಿಂದ ತುಂಬಿಸಿದನು. ಗಾರೆ ಬಳಿಯಲಿಲ್ಲ, ಗಾಯವನ್ನು ಮರೆಮಾಡಲಿಲ್ಲ. ಎಂಜಿನಿಯರನ ಮಿತವ್ಯಯವೂ ವಾಸ್ತುಶಿಲ್ಪಿಯ ಕಣ್ಣೂ ಕೂಡಿದರೆ ಏನಾದೀತೆಂಬುದಕ್ಕೆ ಆ ಗೋಡೆಗಿಂತ ಒಳ್ಳೆಯ ಪಾಠವನ್ನು ನಾನರಿಯೆನು.

1970ರಲ್ಲಿ ಶಾಲೆಗೆ ತಾಂತ್ರಿಕ ವಿಶ್ವವಿದ್ಯಾನಿಲಯವೆಂಬ ಹೆಸರಾಯಿತು. ವಿದ್ಯೆ ಬೆಳೆದಂತೆ ಶಾಖೆಗಳು ಒಡೆದು ಬೇರೆಬೇರೆ ಮನೆಗಳಾದವು. ಇದು ತಪ್ಪೆಂದು ಹೇಳಲಾಗದು. ಆಳಕ್ಕೆ ಅಗೆಯುವವನಿಗೆ ತನ್ನದೇ ಬಾವಿ ಬೇಕು. 1997ರಲ್ಲಿ ಯಂತ್ರಶಾಖೆಯು ನಗರದ ಉತ್ತರಕ್ಕಿರುವ ಗಾರ್ಷಿಂಗ್ ಎಂಬ ಊರಿಗೆ ಹೋಯಿತು. 2018ರಲ್ಲಿ ವಿಮಾನ, ಅಂತರಿಕ್ಷ, ಭೂಮಾಪನಗಳಿಗಾಗಿ ಪ್ರತ್ಯೇಕ ಶಾಖೆಯೊಂದು ಹುಟ್ಟಿತು. ವಾಸ್ತುವಿದ್ಯೆಯು ಹಳೆಯ ಮಂದಿರದಲ್ಲಿಯೇ ನಿಂತಿತು. ಹೀಗೆ ಒಂದು ಕಾಲಕ್ಕೆ ಒಂದೇ ಅಂಗಳದಲ್ಲಿದ್ದವರು ಪರಸ್ಪರ ಮುಖಪರಿಚಯವಿಲ್ಲದವರಾದರು.

ಆದುದರಿಂದ 2021ರ ಅಕ್ಟೋಬರ್ 1ರಂದು ವಿಶ್ವವಿದ್ಯಾನಿಲಯದವರು ಇವರನ್ನೆಲ್ಲ ಮತ್ತೆ ಒಂದುಗೂಡಿಸಿ, ಎಂಜಿನಿಯರಿಂಗ್ ಮತ್ತು ಡಿಸೈನ್ ಶಾಲೆ ಎಂಬ ಹೆಸರನ್ನಿಟ್ಟರು. ಅದರೊಳಗೆ ಎಂಟು ವಿಭಾಗಗಳು ಏರ್ಪಟ್ಟುವು. ವಾಸ್ತುವಿದ್ಯೆ, ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್, ಯಂತ್ರವಿದ್ಯೆ, ವಿಮಾನಾಂತರಿಕ್ಷ ಮತ್ತು ಭೂಮಾಪನ ಇವು ಹಳೆಯ ಬಳಗದವು. ಶಕ್ತಿ ಮತ್ತು ಸಂಸ್ಕರಣ ಕ್ರಿಯೆಗಳದೊಂದು, ವಾಹನಸಂಚಾರದ್ದೊಂದು, ಎಂಜಿನಿಯರಿಂಗ್ ಭೌತಶಾಸ್ತ್ರ ಮತ್ತು ಗಣನೆಗಳದೊಂದು, ನಿರ್ಮಾಣದ್ರವ್ಯಗಳದೊಂದು ಎಂದು ಉಳಿದ ನಾಲ್ಕು. ಕಡೆಯದನ್ನು ಕೇಳಿದೊಡನೆ ಬೌಷಿಂಗರನ ನೆನಪಾಗದಿರದು. ಶಕ್ತಿಯ ವಿಭಾಗವಂತೂ ಲಿಂಡೆಯ ವಂಶವೇ ಸರಿ. ವಿದ್ಯುತ್ತಿನ ಶಾಖೆಯು ಇವರೊಡನೆ ಸೇರದೆ ಗಣಕವಿದ್ಯೆಯ ಶಾಲೆಯ ಪಾಲಿಗೆ ಹೋಯಿತು. ಮಿಲ್ಲರನು ಬದುಕಿದ್ದಿದ್ದರೆ ಇದಕ್ಕೆ ಏನೆನ್ನುತ್ತಿದ್ದನೋ!

ಹೆಸರು ಒಂದಾಯಿತು; ಮನೆಗಳು ಇನ್ನೂ ದೂರದೂರವೇ. ನಗರದಲ್ಲಿ ಕಟ್ಟಡದ ನಕ್ಷೆಯನ್ನು ಬರೆಯುವ ವಿದ್ಯಾರ್ಥಿಯು ಗಾರ್ಷಿಂಗಿನ ಯಂತ್ರಶಾಲೆಯನ್ನು ನೋಡಬೇಕಾದರೆ, 2006ರಲ್ಲಿ ಅಲ್ಲಿಯವರೆಗೆ ಬಂದ ಸುರಂಗರೈಲನ್ನು ಹತ್ತಿ ಹೋಗಬೇಕು.