ಪ್ರಣಯ ಕಾದಂಬರಿಗಳ ಓದುಗಿಯರನ್ನು ಅರಸಿದ ಜಾನಿಸ್ ರಾಡ್‌ವೇ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕಿಯಾಗಿದ್ದ ಜಾನಿಸ್ ರಾಡ್‌ವೇ ಅವರಿಗೆ ಹೆಸರು ತಂದುಕೊಟ್ಟ ಕೃತಿ 1984ರಲ್ಲಿ ಪ್ರಕಟವಾದ 'ರೀಡಿಂಗ್ ದ ರೊಮಾನ್ಸ್'.

ಪಂಡಿತರು ಅಗ್ಗದ ಸರಕೆಂದು ಬದಿಗೊತ್ತಿದ್ದ ಪ್ರಣಯ ಕಾದಂಬರಿಗಳನ್ನು ರಾಡ್‌ವೇ ಓದಿ ವಿಶ್ಲೇಷಿಸಿದ್ದಷ್ಟೇ ಅಲ್ಲ, ಅವುಗಳ ಓದುಗಿಯರನ್ನೇ ಅರಸಿ ಹೋದರು. ಮಧ್ಯಪಶ್ಚಿಮ ಪ್ರಾಂತ್ಯದ ಪಟ್ಟಣವೊಂದರ ಪುಸ್ತಕದಂಗಡಿಯಲ್ಲಿದ್ದ ಮಹಿಳೆಯೊಬ್ಬರು ಯಾವ ಕಾದಂಬರಿ ಓದಬಹುದು, ಯಾವುದು ಬೇಡ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಕೃತಿಯಲ್ಲಿ ಆಕೆ 'ಡಾಟ್', ಊರು 'ಸ್ಮಿತ್‌ಟನ್'. ಎರಡೂ ಬದಲಿ ಹೆಸರುಗಳೇ. ಆಕೆಯ 42 ಗಿರಾಕಿಗಳು ರಾಡ್‌ವೇ ಅವರ ಪ್ರಶ್ನಾವಳಿಗೆ ಉತ್ತರಿಸಿದರು.

ಬುದ್ಧಿವಂತ ನಾಯಕಿ ಮತ್ತು ಸುಖಾಂತ್ಯ ಅವರಿಗೆ ಬೇಕಿತ್ತು; ಹೆಣ್ಣಿನ ಮೇಲಿನ ಬಲಾತ್ಕಾರದ ಚಿತ್ರಣ ಸಹ್ಯವಾಗಿರಲಿಲ್ಲ. ಆದರೆ ಕಥೆಗಿಂತಲೂ ಓದುವ ಕ್ರಿಯೆಯೇ ರಾಡ್‌ವೇ ಅವರ ಗಮನ ಸೆಳೆಯಿತು. ಗಂಡ ಮಕ್ಕಳ ಆರೈಕೆಯಲ್ಲಿ ದಿನ ಸವೆಸುವ ಗೃಹಿಣಿಗೆ ಪುಸ್ತಕ ಕೈಯಲ್ಲಿದ್ದಷ್ಟು ಹೊತ್ತು ತನ್ನದು. ಅದನ್ನು ಅವರು ಮೆಲುದನಿಯ ಪ್ರತಿಭಟನೆ ಎಂದೇ ಕಂಡರು. ಕಥೆಯಾದರೋ ಕೊನೆಗೆ ಆಕೆಯನ್ನು ಅದೇ ದಾಂಪತ್ಯದ ಚೌಕಟ್ಟಿಗೆ ಒಪ್ಪಿಸಿಬಿಡುತ್ತದೆ. ಈ ಇಬ್ಬಂದಿಯನ್ನು ಬಿಡಿಸಲು ಹೋಗದಿರುವುದೇ ಕೃತಿಯ ಪ್ರಾಮಾಣಿಕತೆ.

ಒಂದೇ ಊರಿನ ಕೆಲವೇ ಓದುಗಿಯರನ್ನು ಆಧರಿಸಿದ ಅಧ್ಯಯನವೆಂಬ ಆಕ್ಷೇಪ ಬಂತು. ಓದುಗಿಯರಿಗೂ ಸ್ತ್ರೀವಾದಿ ಸಂಶೋಧಕಿಗೂ ನಡುವೆ ತಾವೇ ಎಳೆದಿದ್ದ ಗೆರೆಯನ್ನು 1991ರ ಮರುಮುದ್ರಣದ ಪ್ರಸ್ತಾವನೆಯಲ್ಲಿ ರಾಡ್‌ವೇ ಪ್ರಶ್ನಿಸಿಕೊಂಡರು.